ಪ್ರಕೃತಿ, ವಿಕೃತಿ ಮತ್ತು ಚದುರಂಗದ ಮಣೆ

ಒಂದು ಆಟದಿಂದ ಇನ್ನೊಂದು ಆಟ ಹುಟ್ಟಿದಾಗ ಹಳೆಯದರ ಯಾವ ಅಂಶಗಳು ಹೊಸದರೊಳಗೆ ಬರಬೇಕು, ಯಾವುವು ಹಿಂದೆಯೇ ಉಳಿಯಬೇಕು, ಬಂದವು ಯಾವ ರೂಪ ತಾಳಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಆಟ ಕಟ್ಟುವವರ ಕಸುಬಿಗೆ ಮಾತ್ರ ಸೇರಿದ್ದೆಂದು ತೋರುತ್ತದೆ. 1991ರಲ್ಲಿ ಮೊದಲು ಹೊರಬಂದ ‘ಸಿವಿಲೈಸೇಷನ್’ ಎಂಬ ಕಂಪ್ಯೂಟರ್ ಆಟದಲ್ಲಿ ಆಟಗಾರನು ಒಂದು ಜನಾಂಗವನ್ನು ಆದಿಕಾಲದಿಂದ ಆಧುನಿಕ ಯುಗದವರೆಗೆ ನಡೆಸಿಕೊಂಡು ಹೋಗುತ್ತಾನೆ. ಅದರ ಮುಂದಿನ ಭಾಗಗಳನ್ನು ರಚಿಸಿದ ತಂಡದವರು ಮೂರರಲ್ಲಿ ಒಂದು ಪಾಲು ಹಳೆಯದನ್ನು ಇದ್ದಂತೆ ಉಳಿಸುವುದು, ಒಂದು ಪಾಲನ್ನು ತಿದ್ದುವುದು, ಇನ್ನೊಂದು ಪಾಲನ್ನು ಹೊಸದಾಗಿ ಸೇರಿಸುವುದು ಎಂಬ ಅಳತೆಯನ್ನು ಪಾಲಿಸಿಕೊಂಡು ಬಂದಿದ್ದಾರೆ. ಅಳತೆ ಸರಳವಾಗಿದ್ದರೂ ಯಾವ ಅಂಶ ಯಾವ ಪಾಲಿಗೆ ಸೇರಬೇಕೆಂಬುದನ್ನು ಅದು ಹೇಳುವುದಿಲ್ಲ, ಮತ್ತು ಕಷ್ಟವೆಲ್ಲ ಇರುವುದು ಅಲ್ಲಿಯೇ. ಪೂಜೆ, ವ್ರತ, ಸಂಸ್ಕಾರ, ಕಾನೂನು ಇವುಗಳೆಲ್ಲ ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ದಾಟುವಾಗ ಎದುರಿಸುವ ಪ್ರಶ್ನೆಯೂ ಇದೇ ಆದ್ದರಿಂದ ಆಟದ ವಿಚಾರ ಇಲ್ಲಿ ಧರ್ಮದ ವಿಚಾರದೊಂದಿಗೆ ಕೂಡುತ್ತದೆ. ಈ ಕೂಡುನೆಲೆಯ ಮೇಲೆ ಪೂರ್ವಮೀಮಾಂಸೆಯಷ್ಟು ತಾಳ್ಮೆಯಿಂದ, ವಿವರವಿವರವಾಗಿ ಚಿಂತಿಸಿದ ದರ್ಶನ ಮತ್ತೊಂದಿಲ್ಲ. ಪೂರ್ವಮೀಮಾಂಸೆಯೆಂದರೆ ವೇದದ ವಿಧಿವಾಕ್ಯಗಳ ಅರ್ಥವನ್ನು ನಿರ್ಣಯಿಸುವ ಶಾಸ್ತ್ರ. ಜೈಮಿನಿಯ ಸೂತ್ರಗಳು ಅದರ ಮೂಲ, ಶಬರಸ್ವಾಮಿಯ ಭಾಷ್ಯ ಅದರ ಆಧಾರ, ಕುಮಾರಿಲಭಟ್ಟ ಮತ್ತು ಪ್ರಭಾಕರರ ಎರಡು ಮತಗಳು ಅದರ ಮುಖ್ಯ ಕವಲುಗಳು.

ಆಟ ಮತ್ತು ಶಾಸ್ತ್ರ ಎರಡನ್ನೂ ಕುರಿತ ಈ ವಿಚಾರಕ್ಕೆ ಕನ್ನಡ ನೆಲದಲ್ಲಿಯೇ ಹಳೆಯ ಬೇರುಗಳಿವೆ. ಶಾಸನಗಳು ಸುಗಂಧವರ್ತಿಯೆಂದು ಕರೆಯುವ, ಬೆಳಗಾವಿ ಸೀಮೆಯ ಸವದತ್ತಿಯು ರಟ್ಟರ ರಾಜಧಾನಿಯಾಗಿತ್ತು. ರಟ್ಟರು ಮೊದಲು ರಾಷ್ಟ್ರಕೂಟರಿಗೆ, ಅನಂತರ ಕಲ್ಯಾಣದ ಚಾಲುಕ್ಯರಿಗೆ ಮಾಂಡಲಿಕರಾಗಿ ಈ ಸೀಮೆಯನ್ನು ಆಳಿದರು. ಆ ಕಲ್ಯಾಣದ ಆಸ್ಥಾನದಲ್ಲಿ, ಒಂದೇ ಮನೆತನದ ತಂದೆಮಕ್ಕಳ ಕಾಲದಲ್ಲಿ, ಪ್ರಸ್ತುತ ಪ್ರಶ್ನೆಗೆ ಬೇಕಾದ ಎರಡು ಗ್ರಂಥಗಳು ಹುಟ್ಟಿದವು. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದು ಹಳೆಯ ವಿಧಿಯು ಹೊಸ ಕಾಲದಲ್ಲಿ ಹೇಗೆ ನಡೆಯಬೇಕೆಂಬುದನ್ನು ನಿರ್ಣಯಿಸಿದನು; ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1130ರ ಸುಮಾರಿನಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿ ಅದರ ಐದು ವಿಂಶತಿಗಳಲ್ಲಿ ಕೊನೆಯದನ್ನು, ಎಂದರೆ ಇಪ್ಪತ್ತು ಅಧ್ಯಾಯಗಳ ಕೊನೆಯ ಗುಂಪನ್ನು, ಪೂರ್ತಿಯಾಗಿ ಕ್ರೀಡೆಗಳಿಗೆ ಮೀಸಲಿಟ್ಟನು. ಚದುರಂಗ, ಪಗಡೆಯ ದಾಳಗಳಾದ ಪಾಶಕ, ಕವಡೆಗಳಾದ ವರಾಟಕ ಇವು ಮೂರೂ ಅಲ್ಲಿ ಬೇರೆಬೇರೆ ಕ್ರೀಡೆಗಳಾಗಿಯೇ ವಿವರಣೆ ಪಡೆದಿವೆ. ರಾಜ್ಯಭಾರ, ಕೋಶ, ಸೈನ್ಯಗಳ ವಿಚಾರವಿರುವ ಪುಸ್ತಕದಲ್ಲಿಯೇ ಆಟದ ಮಣೆಗೂ ಜಾಗವಿದ್ದುದನ್ನು ನೋಡಿದರೆ ಆ ಕಾಲದ ಜನ ಆಟದ ನಿಯಮವನ್ನು ನಿಯಮಗಳ ಲೋಕದ ಹೊರಗಿನದೆಂದು ಭಾವಿಸಿರಲಿಲ್ಲವೆಂದು ಹೇಳಬಹುದು. ಮೀಮಾಂಸೆಯೂ ಈ ನೆಲಕ್ಕೆ ಹೊರಗಿನದಾಗಿರಲಿಲ್ಲ: ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದಲ್ಲಿ, ಎಂದರೆ ಉನ್ನತ ವಿದ್ಯಾಕೇಂದ್ರದಲ್ಲಿ, ಭಾಟ್ಟ ಮತ್ತು ಪ್ರಾಭಾಕರ ಮತಗಳನ್ನು ಕಲಿಸುವ ಉಪಾಧ್ಯಾಯರಿದ್ದರೆಂದು 1058ರ ಶಾಸನ ತಿಳಿಸುತ್ತದೆ.

ಚದುರಂಗದ ಚರಿತ್ರೆ ಈ ಪ್ರಶ್ನೆಗೆ ಅತ್ಯಂತ ಸಮೃದ್ಧವಾದ ಉದಾಹರಣೆ. ಏಳನೆಯ ಶತಮಾನದ ಬಾಣನ ಹರ್ಷಚರಿತೆಗೆ ಪರಿಚಿತವಾಗಿದ್ದ ಈ ಆಟ ಪರ್ಷಿಯಾಕ್ಕೆ ಹೋಗಿ ಚತ್ರಂಗ್ ಎನಿಸಿತು, ಅರಬರ ಕೈಗೆ ಬಂದು ಶತ್ರಂಜ್ ಎನಿಸಿತು, ಅಲ್ಲಿಂದ ಯುರೋಪನ್ನು ಸೇರಿತು. ಆ ಹಳೆಯ ಆಟದಲ್ಲಿ ಮಂತ್ರಿಯು ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದನು. ಇಂದು ಕನ್ನಡಿಗರು ಒಂಟೆಯೆನ್ನುವ ಕಾಯಿ ಓರೆಯಾಗಿ ಎರಡನೆಯ ಮನೆಗೆ ಜಿಗಿಯುತ್ತಿತ್ತೇ ಹೊರತು ಮಣೆಯ ತುದಿಯವರೆಗೆ ಓಡುತ್ತಿರಲಿಲ್ಲ. ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಇಡುತ್ತಿತ್ತು. 1030ರ ಸುಮಾರಿಗೆ ಭಾರತವನ್ನು ಕುರಿತು ಬರೆದ ಅಲ್‌ಬೆರೂನಿ ದಾಳ ಹಾಕಿ ನಾಲ್ವರು ಆಡುವ ಚದುರಂಗವನ್ನೂ ವರ್ಣಿಸಿದ್ದಾನೆ, ಆದ್ದರಿಂದ ಈ ನೆಲದಲ್ಲಿಯೇ ಆಟಕ್ಕೆ ಒಂದಕ್ಕಿಂತ ಹೆಚ್ಚು ರೂಪಗಳಿದ್ದುದು ಸ್ಪಷ್ಟ. ಹದಿನೈದನೆಯ ಶತಮಾನದ ಕೊನೆಯಲ್ಲಿ ಸ್ಪೇನ್ ಮತ್ತು ಇಟಲಿಗಳಲ್ಲಿ ಮಂತ್ರಿಯ ಜಾಗದಲ್ಲಿ ನಿಂತಿದ್ದ ರಾಣಿಗೆ ಎಂಟು ದಿಕ್ಕಿಗೂ ಓಡುವ ಬಲ ಬಂದಿತು, ಒಂಟೆಯ ಓಟ ಉದ್ದವಾಯಿತು, ಒಂದು ದಿನವೆಲ್ಲ ಹಿಡಿಯಬಹುದಾಗಿದ್ದ ಆಟ ಕೆಲವೇ ನಡೆಗಳಲ್ಲಿ ಮುಗಿಯಬಹುದಾದ ಆಟವಾಯಿತು. ಈ ಹೊಸ ರೂಪ ವಸಾಹತು ಕಾಲದಲ್ಲಿ ತವರಿಗೆ ಮರಳಿದಾಗ ಇಲ್ಲಿ ಇನ್ನೊಂದು ರೂಪ ಜೀವಂತವಾಗಿಯೇ ಇತ್ತು. ಭಾರತದ ಆಟದಲ್ಲಿ ಕಾಲಾಳು ಎರಡು ಮನೆ ಹಾರುತ್ತಿರಲಿಲ್ಲ, ಕೊನೆಯ ಸಾಲನ್ನು ಮುಟ್ಟಿದ ಕಾಲಾಳು ತಾನು ಮುಟ್ಟಿದ ಮನೆಯ ಒಡೆಯನಾದ ಕಾಯಿಯ ಪದವಿಯನ್ನು ಪಡೆಯುತ್ತಿತ್ತು, ಚೆಕ್ ತಿನ್ನದ ರಾಜನು ಆಟದಲ್ಲಿ ಒಂದೇ ಒಂದು ಸಲ ಕುದುರೆಯಂತೆ ಜಿಗಿಯಬಹುದಾಗಿತ್ತು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಈ ದೇಶೀ ನಿಯಮಗಳಲ್ಲಿಯೇ ಆಟ ಕಲಿತು, ಆಮೇಲೆ ಯುರೋಪಿನ ನಿಯಮಗಳನ್ನು ರೂಢಿಸಿಕೊಂಡು, 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಅವರು ಎರಡು ಆಟಗಳನ್ನು ಕಲಿತರೋ ಒಂದೇ ಆಟವನ್ನು ಎರಡು ಬಗೆಯಲ್ಲಿ ಕಲಿತರೋ ಎಂಬುದಕ್ಕೆ ಉತ್ತರ ಹೇಳಲು ಹೊರಟರೆ ಭಾರತೀಯ ದರ್ಶನಗಳ ಒಂದು ದೊಡ್ಡ ವಾದವೇ ಎದುರಾಗುತ್ತದೆ.

ನ್ಯಾಯದರ್ಶನದವರು ‘ಇದು ಅದೇ’ ಎಂಬ ಗುರುತಿಸುವಿಕೆಯನ್ನು, ಎಂದರೆ ಪ್ರತ್ಯಭಿಜ್ಞೆಯನ್ನು, ವಸ್ತುವಿನ ಸ್ಥಿರತೆಗೆ ಪ್ರಮಾಣವಾಗಿ ಹಿಡಿಯುತ್ತಾರೆ. ಚದುರಂಗದ ಮಣೆಯನ್ನು ನೋಡಿದವನು ಅದನ್ನು ಚದುರಂಗವೆಂದೇ ಗುರುತಿಸುವುದರಿಂದ ಆಟ ಒಂದೇ ಎಂಬುದು ಈ ಮಾರ್ಗದ ಉತ್ತರವಾದೀತು. ಬೌದ್ಧರು ಎಲ್ಲವೂ ಕ್ಷಣಿಕವೆಂದು, ಇರುವುದು ಒಂದರಿಂದ ಒಂದು ಹುಟ್ಟುವ ಕ್ಷಣಗಳ ಸಂತಾನ ಮಾತ್ರವೆಂದು, ‘ಅದೇ’ ಎಂಬುದು ಹೋಲಿಕೆಯಿಂದ ಹುಟ್ಟಿದ ಭ್ರಮೆಯೆಂದು ಹೇಳುತ್ತಾರೆ. 2025ರಲ್ಲಿ ಬಂದ ‘ಸಿವಿಲೈಸೇಷನ್’ ಆಟದ ಏಳನೆಯ ಭಾಗದಲ್ಲಿ ನಾಯಕನು ಕೊನೆಯವರೆಗೆ ಒಬ್ಬನೇ ಇದ್ದರೂ ಅವನು ಆಳುವ ಜನಾಂಗವು, ಆಟ ಹೊರಬಂದಾಗಿನ ರೂಪದಲ್ಲಿ, ಯುಗದಿಂದ ಯುಗಕ್ಕೆ ಬದಲಾಗುತ್ತಿತ್ತು. ಆದಿಯಿಂದ ಅಂತ್ಯದವರೆಗೆ ಒಂದೇ ಜನಾಂಗವನ್ನು ನಡೆಸುವ ಅನುಭವಕ್ಕಾಗಿಯೇ ಆ ಆಟವನ್ನು ಪ್ರೀತಿಸಿದ್ದ ಹಲವರಿಗೆ ಇದು ನೋವನ್ನುಂಟುಮಾಡಿದ್ದು ಸಹಜ, ಏಕೆಂದರೆ ಅವರು ಸ್ಥಿರವೆಂದು ನಂಬಿದ್ದನ್ನೇ ಹೊಸ ಭಾಗವು ಸಂತಾನವಾಗಿ ಮಾರ್ಪಡಿಸಿತು. ಈ ಎರಡು ತುದಿಗಳ ನಡುವೆ ಜೈನರು ಹೇಳುವ ಮಾತು ಹೆಚ್ಚು ಮನನೀಯವಾಗಿದೆ. ರಟ್ಟರ ಪೃಥ್ವೀರಾಮನು ಒಂಬತ್ತನೆಯ ಶತಮಾನದಲ್ಲಿ ಸುಗಂಧವರ್ತಿಯಲ್ಲಿ ಬಸದಿ ಕಟ್ಟಿಸಿದ ಕಾಲದಿಂದಲೂ ಈ ಸೀಮೆಗೆ ಪರಿಚಿತವಾದ ಆ ದರ್ಶನದ ಪ್ರಕಾರ ಇರುವುದೆಲ್ಲವೂ ಏಕಕಾಲದಲ್ಲಿ ಹುಟ್ಟುತ್ತಲೂ ಅಳಿಯುತ್ತಲೂ ನಿಂತಿರುತ್ತಲೂ ಇರುತ್ತದೆ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಕೊಡುವ ದೃಷ್ಟಾಂತದಲ್ಲಿ ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದಾಗ ಕಲಶ ಬೇಕಾಗಿದ್ದವನು ದುಃಖಿಸುತ್ತಾನೆ, ಕಿರೀಟ ಬೇಕಾಗಿದ್ದವನು ಹಿಗ್ಗುತ್ತಾನೆ, ಚಿನ್ನ ಮಾತ್ರ ಬೇಕಾಗಿದ್ದವನು ಸಮಚಿತ್ತನಾಗಿರುತ್ತಾನೆ, ಮತ್ತು ಮೂವರ ಭಾವಕ್ಕೂ ನಿಜವಾದ ಕಾರಣವಿರುತ್ತದೆ. ಹಳೆಯ ಆಟದ ಅಭಿಮಾನಿ ಕೊರಗುವುದನ್ನೂ ಹೊಸ ಆಟದ ಅಭಿಮಾನಿ ಸಂಭ್ರಮಿಸುವುದನ್ನೂ ಒಬ್ಬರನ್ನೊಬ್ಬರು ಮೂರ್ಖರೆನ್ನದೆ ಅರ್ಥಮಾಡಿಕೊಳ್ಳಲು ಇದಕ್ಕಿಂತ ಉದಾರವಾದ ನೆಲೆ ಸಿಗಲಾರದು.

ಆದರೂ ಈ ದೃಷ್ಟಾಂತ ಆಟದ ಮಟ್ಟಿಗೆ ಒಂದು ಕಡೆ ಸಾಲದಾಗುತ್ತದೆ. ಕಲಶ ಮತ್ತು ಕಿರೀಟಗಳ ಹಿಂದೆ ಚಿನ್ನವೆಂಬ ದ್ರವ್ಯವಿದೆ, ತೂಗಿ ನೋಡಬಹುದಾದದ್ದು. ಆಟದಲ್ಲಿ ಅಂಥ ದ್ರವ್ಯವಿಲ್ಲ. ಅರವತ್ತನಾಲ್ಕು ಮನೆಗಳೇ ಚಿನ್ನವೆನ್ನಲು ಬರುವುದಿಲ್ಲ, ಏಕೆಂದರೆ 1794ರಿಂದ 1868ರವರೆಗೆ ಬಾಳಿದ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಮನೆಗಳನ್ನೂ ಕಾಯಿಗಳನ್ನೂ ಹೆಚ್ಚಿಸಿದ ಚದುರಂಗಗಳನ್ನು ರಚಿಸಿದರು, ಅವೂ ಚದುರಂಗಗಳೆಂದೇ ಗುರುತಿಸಲ್ಪಟ್ಟವು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಕಾಯಿಗಳ ಆಕಾರವೂ ಚಿನ್ನವಲ್ಲ, ಹೆಸರುಗಳೂ ಚಿನ್ನವಲ್ಲ. ಆಟವೆಂಬುದು ನಿಯಮಗಳನ್ನು ಬಿಟ್ಟರೆ ಬೇರೆ ಏನೂ ಅಲ್ಲವಾದ್ದರಿಂದ, ದ್ರವ್ಯವನ್ನು ಕುರಿತ ದರ್ಶನಕ್ಕಿಂತ ವಿಧಿಯನ್ನು ಕುರಿತ ದರ್ಶನವೇ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುತ್ತದೆ.

ಜೈಮಿನಿಯ ಸೂತ್ರಗಳ ಹನ್ನೆರಡು ಅಧ್ಯಾಯಗಳಲ್ಲಿ ಏಳನೆಯದರಿಂದ ಹತ್ತನೆಯದರವರೆಗಿನ ನಾಲ್ಕು ಅಧ್ಯಾಯಗಳು ಒಂದು ಯಜ್ಞದ ಅಂಗಗಳು ಇನ್ನೊಂದು ಯಜ್ಞಕ್ಕೆ ಹೇಗೆ ಹೋಗುತ್ತವೆಂಬುದನ್ನು ವಿಚಾರಿಸುತ್ತವೆ. ಯಾವ ಕರ್ಮದ ಅಂಗಗಳೆಲ್ಲ ವೇದದಲ್ಲಿ ಪೂರ್ತಿಯಾಗಿ ಹೇಳಲ್ಪಟ್ಟಿವೆಯೋ ಅದು ‘ಪ್ರಕೃತಿ’, ಎಂದರೆ ಮಾದರಿ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಮಾಡುವ ದರ್ಶಪೂರ್ಣಮಾಸವು ಇಷ್ಟಿಗಳೆಂಬ ಯಜ್ಞವರ್ಗಕ್ಕೆ ಪ್ರಕೃತಿ. ಯಾವುದಕ್ಕೆ ದೇವತೆ, ದ್ರವ್ಯ, ಫಲಗಳಷ್ಟನ್ನೇ ಹೇಳಿ ಉಳಿದ ವಿವರಗಳನ್ನು ಹೇಳದೆ ಬಿಟ್ಟಿದೆಯೋ ಅದು ‘ವಿಕೃತಿ’; ಇಲ್ಲಿ ವಿಕೃತಿಯೆಂದರೆ ಕೆಟ್ಟದ್ದೆಂಬ ಅರ್ಥವಿಲ್ಲ, ಮಾದರಿಯನ್ನು ಅನುಸರಿಸಿ ಹುಟ್ಟಿದ್ದೆಂದಷ್ಟೇ ಅರ್ಥ. ಬ್ರಹ್ಮವರ್ಚಸ್ಸನ್ನು ಬಯಸುವವನು ಸೂರ್ಯನಿಗೆ ಚರುವನ್ನು, ಎಂದರೆ ಬೇಯಿಸಿದ ಅನ್ನವನ್ನು, ಅರ್ಪಿಸಬೇಕೆಂಬ ಸೌರ್ಯಯಾಗದ ವಿಧಿಯು ಹೇಗೆ ಅರ್ಪಿಸಬೇಕೆಂಬುದನ್ನು ಹೇಳುವುದಿಲ್ಲವಾದ್ದರಿಂದ ಆ ‘ಹೇಗೆ’ ಎಂಬುದು ದರ್ಶಪೂರ್ಣಮಾಸದಿಂದ ಬರುತ್ತದೆ. ಹೀಗೆ ಬರುವುದಕ್ಕೆ ‘ಅತಿದೇಶ’ವೆಂದು ಹೆಸರು. ಮಾದರಿಯಲ್ಲಿ ಅಗ್ನಿಗೆಂದು ಧಾನ್ಯವನ್ನು ತೆಗೆಯುವ ಮಂತ್ರವು ಇಲ್ಲಿಗೆ ಬಂದಾಗ ಅಗ್ನಿಯ ಹೆಸರಿನ ಜಾಗದಲ್ಲಿ ಸೂರ್ಯನ ಹೆಸರನ್ನು ಹೇಳಬೇಕಾಗುತ್ತದೆ, ಇಲ್ಲವಾದರೆ ಮಂತ್ರವು ಯಾರಿಗೆ ಅರ್ಪಣೆಯೋ ಅವರನ್ನು ತೋರಿಸುವುದಿಲ್ಲ. ಈ ಹೊಂದಿಸುವಿಕೆಗೆ ‘ಊಹ’ವೆಂದು ಹೆಸರು. ಮೂರನೆಯದು ‘ಬಾಧ’, ಎಂದರೆ ಬಂದ ಅಂಗವು ಬಿಟ್ಟುಹೋಗುವುದು. ದೀರ್ಘಾಯುಷ್ಯಕ್ಕಾಗಿ ಮಾಡುವ ಒಂದು ಇಷ್ಟಿಯಲ್ಲಿ ಅಕ್ಕಿಯ ಬದಲು ಕೃಷ್ಣಲಗಳನ್ನು, ಎಂದರೆ ಗುಲಗಂಜಿ ತೂಕದ ಚಿನ್ನದ ತುಣುಕುಗಳನ್ನು, ತುಪ್ಪದಲ್ಲಿ ಬೇಯಿಸಬೇಕು. ಮಾದರಿಯಲ್ಲಿ ಭತ್ತವನ್ನು ಒನಕೆಯಿಂದ ಕುಟ್ಟುವ ವಿಧಿಯಿದೆ, ಕುಟ್ಟುವುದರ ಫಲ ಹೊಟ್ಟು ಬಿಡಿಸುವುದು, ಚಿನ್ನಕ್ಕೆ ಹೊಟ್ಟಿಲ್ಲ, ಆದ್ದರಿಂದ ಕುಟ್ಟುವಿಕೆ ಇಲ್ಲಿ ಬಾಧಿತವಾಗುತ್ತದೆ.

ಈ ಮೂರು ಮಾತುಗಳ ಹಿಂದೆ ಒಂದೇ ತತ್ತ್ವವಿದೆ, ಮತ್ತು ಈ ಬರಹದ ಮುಖ್ಯ ಪ್ರತಿಪಾದನೆಯೂ ಅದರ ಮೇಲೆಯೇ ನಿಂತಿದೆ: ಹಳೆಯದರಿಂದ ಹೊಸದಕ್ಕೆ ದಾಟುವುದು ಅಂಗವಲ್ಲ, ಅಂಗವು ಮಾಡುತ್ತಿದ್ದ ಉಪಕಾರ. ಮೀಮಾಂಸಕನು ಒಂದು ಕ್ರಿಯೆಯನ್ನು ನೋಡಿ ಅದು ಎಷ್ಟು ಹಳೆಯದೆಂದು ಕೇಳುವುದಿಲ್ಲ, ಅದು ಯಾವ ಕೆಲಸ ಮಾಡುತ್ತಿತ್ತೆಂದು ಕೇಳುತ್ತಾನೆ. ಆ ಕೆಲಸ ಹೊಸ ಕರ್ಮದಲ್ಲಿಯೂ ಬೇಕಾಗಿದ್ದರೆ ಕ್ರಿಯೆ ಬರುತ್ತದೆ, ಬೇರೆ ರೂಪದಲ್ಲಿ ಬೇಕಾಗಿದ್ದರೆ ರೂಪ ಬದಲಾಗಿ ಬರುತ್ತದೆ, ಬೇಡವಾಗಿದ್ದರೆ ಬರುವುದಿಲ್ಲ. ಮೂರರಲ್ಲಿ ಒಂದು ಪಾಲೆಂಬ ಅಳತೆಗೆ ಇಲ್ಲಿ ಎಡೆಯಿಲ್ಲ. ಉಪಕಾರವು ಬೇಡಿದರೆ ಹತ್ತರಲ್ಲಿ ಒಂಬತ್ತು ಅಂಗಗಳು ಬರಬಹುದು, ಇಲ್ಲವೆ ಒಂದೇ ಬರಬಹುದು.

ಚದುರಂಗದಲ್ಲಿ ಇದನ್ನು ಪರೀಕ್ಷಿಸಲು ಕಾಲಾಳಿನ ನಡೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಯುರೋಪಿನಲ್ಲಿ ಆಟದ ಆರಂಭ ಬೇಗ ಸಾಗಲೆಂದು ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಹಾರುವ ಅಧಿಕಾರವನ್ನು ಕೊಟ್ಟರು. ಇದರಿಂದ ಒಂದು ಹಳೆಯ ಹಕ್ಕಿಗೆ ಹಾನಿಯಾಯಿತು: ಐದನೆಯ ಸಾಲಿನವರೆಗೆ ಕಷ್ಟಪಟ್ಟು ಸಾಗಿಬಂದ ಕಾಲಾಳು ಪಕ್ಕದ ಸಾಲಿನಲ್ಲಿ ಎದುರಾಳಿಯ ಕಾಲಾಳು ಒಂದು ಮನೆ ಮುಂದೆ ಬಂದಾಗ ಅದನ್ನು ಓರೆಯಾಗಿ ಕಡಿಯಬಹುದಾಗಿತ್ತು, ಈಗ ಎದುರಾಳಿಯು ಎರಡು ಮನೆ ಹಾರಿ ಆ ಹೊಡೆತವನ್ನು ತಪ್ಪಿಸಿಕೊಳ್ಳುವಂತಾಯಿತು. ಆಗ ಆಟಗಾರರು ಹೊಸ ನಡೆಯನ್ನು ಕೈಬಿಡಲಿಲ್ಲ, ಹಳೆಯ ಹಕ್ಕನ್ನೂ ಕೈಬಿಡಲಿಲ್ಲ; ಎರಡು ಮನೆ ಹಾರಿದ ಕಾಲಾಳನ್ನು ಅದು ಒಂದೇ ಮನೆ ನಡೆದಿದೆಯೆಂದು ಭಾವಿಸಿ, ಮರುನಡೆಯಲ್ಲಿಯೇ ಕಡಿಯಬಹುದೆಂಬ ವಿಲಕ್ಷಣವಾದ ನಿಯಮವೊಂದನ್ನು ತಂದರು. ಆಟ ಕಲಿಯುವ ಮಕ್ಕಳಿಗೆ ಅಡ್ಡಾದಿಡ್ಡಿಯಾಗಿ ತೋರುವ, ಖಾಲಿ ಮನೆಗೆ ನಡೆದು ಪಕ್ಕದ ಕಾಯಿಯನ್ನು ಎತ್ತಿಕೊಳ್ಳುವ ಈ ನಡೆಯಲ್ಲಿ ಹಳೆಯ ಆಟವು ಹೊಸ ಆಟದೊಳಗೆ ಅಕ್ಷರಶಃ ಬದುಕಿದೆ. ಒಂದು ಮನೆಯ ನಡೆ ಎಲ್ಲಿ ಮುಖ್ಯವೋ ಅಲ್ಲಿ ಅದು ಇನ್ನೂ ನಡೆಯುತ್ತಿದೆ. ಹಳೆಯದನ್ನೂ ಹೊಸದನ್ನೂ ಬೆರೆಸುವ ಕಲೆಯಲ್ಲಿ ಇದಕ್ಕಿಂತ ನ್ಯಾಯವಾದ ಪರಿಹಾರ ಮನುಷ್ಯರ ಯಾವ ಆಟದಲ್ಲಿಯೂ ಕಾಣುವುದು ಅಪರೂಪ, ಮತ್ತು ಅದು ಊಹದ ಶುದ್ಧ ರೂಪ. ರಾಜನ ವಿಷಯದಲ್ಲಿ ಇನ್ನೊಂದು ಬಗೆ ಕಾಣುತ್ತದೆ: ಭಾರತದ ಆಟದಲ್ಲಿ ರಾಜನಿಗಿದ್ದ ಒಂದು ಸಲದ ಕುದುರೆಯ ಜಿಗಿತಕ್ಕೂ ಯುರೋಪಿನ ಆಟದಲ್ಲಿ ರಾಜನೂ ಆನೆಯೂ ಒಟ್ಟಿಗೆ ಚಲಿಸಿ ಕೋಟೆ ಕಟ್ಟುವ ನಡೆಗೂ ಹೊರಗಿನ ಹೋಲಿಕೆ ಏನೂ ಇಲ್ಲ, ಆದರೆ ಎರಡೂ ಮಣೆಯ ನಡುವೆ ಸಿಕ್ಕಿದ ರಾಜನನ್ನು ಸುರಕ್ಷಿತವಾದ ಮೂಲೆಯತ್ತ ಕಳಿಸುವ ಒಂದೇ ಉಪಕಾರಕ್ಕೆ ಒದಗುತ್ತವೆ, ದೇಶೀ ಆಟ ಬಲ್ಲ ಹಿರಿಯನೂ ಶಾಲೆಯಲ್ಲಿ ಆಟ ಕಲಿತ ಹುಡುಗನೂ ಇಲ್ಲಿ ಬೇರೆ ನಿಯಮಗಳನ್ನು ಪಾಲಿಸುತ್ತಲೇ ಒಂದೇ ಉದ್ದೇಶವನ್ನು ಸಾಧಿಸುತ್ತಾರೆ.

ಇಷ್ಟರಿಂದ ಉಪಕಾರವಿಲ್ಲದ್ದನ್ನೆಲ್ಲ ಧೈರ್ಯವಾಗಿ ಕಿತ್ತೊಗೆಯಬಹುದೆಂದು ತೀರ್ಮಾನಿಸಿದರೆ ಅದು ಮೀಮಾಂಸೆಯನ್ನು ಅರ್ಧ ಓದಿದಂತಾಗುತ್ತದೆ. ಅದೇ ಕೃಷ್ಣಲದ ಪ್ರಸಂಗದಲ್ಲಿ ಕುಟ್ಟುವಿಕೆಯನ್ನು ಬಿಟ್ಟ ಶಾಸ್ತ್ರವು ಬೇಯಿಸುವಿಕೆಯನ್ನು ಬಿಡುವುದಿಲ್ಲ. ಚಿನ್ನವು ಬೆಂದು ಮೆತ್ತಗಾಗುವುದಿಲ್ಲವೆಂಬುದು ಶಾಸ್ತ್ರಕಾರರಿಗೆ ತಿಳಿಯದ ಸಂಗತಿಯಲ್ಲ. ಆದರೂ ತುಪ್ಪದಲ್ಲಿ ಬೇಯಿಸಬೇಕೆಂದು ಆ ಕರ್ಮದ ವಿಧಿಯೇ ನೇರವಾಗಿ ಹೇಳಿರುವುದರಿಂದ, ಕಣ್ಣಿಗೆ ಕಾಣುವ ಫಲವಿಲ್ಲದಿದ್ದರೂ ಕಾಣದ ಫಲವನ್ನು ಒಪ್ಪಿ ಅದನ್ನು ಮಾಡಬೇಕಾಗುತ್ತದೆ. ಕಾಣುವ ಫಲಕ್ಕೆ ‘ದೃಷ್ಟ’ವೆಂದೂ ಕಾಣದ ಫಲಕ್ಕೆ ‘ಅದೃಷ್ಟ’ವೆಂದೂ ಹೆಸರು, ಕಾಣುವ ಫಲವನ್ನು ಹೇಳಲು ಸಾಧ್ಯವಿರುವಾಗ ಕಾಣದ ಫಲವನ್ನು ಕಲ್ಪಿಸಬಾರದೆಂಬುದು ಒಂದು ಎಚ್ಚರ, ಕಾಣುವುದಿಲ್ಲವೆಂಬ ಒಂದೇ ಕಾರಣಕ್ಕೆ ಫಲವೇ ಇಲ್ಲವೆನ್ನಬಾರದೆಂಬುದು ಇನ್ನೊಂದು ಎಚ್ಚರ. ಆಟಗಳ ಚರಿತ್ರೆಯಲ್ಲಿ ಎರಡನೆಯ ಎಚ್ಚರ ತಪ್ಪಿದ್ದಕ್ಕೆ ದುಃಖಕರವಾದ ಉದಾಹರಣೆಗಳಿವೆ. ಪಚ್ಚೀಸಿ ಮತ್ತು ಪಗಡೆಗಳಲ್ಲಿ ನಾಲ್ವರು ಇಬ್ಬಿಬ್ಬರಂತೆ ಜೊತೆಗೂಡಿ ಎದುರುಬದುರು ಕುಳಿತು ಆಡುತ್ತಿದ್ದರು; ತನ್ನ ಕಾಯಿಗಳೆಲ್ಲ ಹಣ್ಣಾದರೂ ಜೊತೆಗಾರನ ಕಾಯಿಗಳು ಹಣ್ಣಾಗುವವರೆಗೆ ಗೆಲುವಿಲ್ಲವಾದ್ದರಿಂದ ಮುಂದೆ ಸಾಗಿದವನು ಹಿಂದುಳಿದವನಿಗಾಗಿ ಯೋಚಿಸಲೇಬೇಕಾಗಿತ್ತು, ಬೇಕೆಂದೇ ತನ್ನ ಕಾಯನ್ನು ತಡೆದು ನಿಲ್ಲಿಸಿ ಎದುರಾಳಿಯ ದಾರಿಗೆ ಅಡ್ಡವಾಗಬಹುದಾಗಿತ್ತು. 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಲೂಡೊ ಈ ಆಟದ ಶಿಲುಬೆಯಾಕಾರದ ಮಣೆಯನ್ನೂ ಕಾಯಿ ಕಡಿಯುವುದನ್ನೂ ಮನೆ ಸೇರುವುದನ್ನೂ ಇಟ್ಟುಕೊಂಡಿತು, ಕವಡೆಯ ಬದಲು ಒಂದು ದಾಳ ತಂದಿತು, ಜೊತೆಗಾರಿಕೆಯನ್ನು ಬಿಟ್ಟಿತು. ಓಟದ ದೃಷ್ಟಿಯಿಂದ ನೋಡಿದರೆ ಜೊತೆಗಾರಿಕೆಗೆ ಕಾಣುವ ಕೆಲಸವೇನೂ ಇರಲಿಲ್ಲ. ಆದರೆ ಆಟವು ಮನುಷ್ಯರಿಗೆ ಮಾಡುತ್ತಿದ್ದ ದೊಡ್ಡ ಉಪಕಾರ ಇದ್ದುದು ಅಲ್ಲಿಯೇ, ಮತ್ತು ಇಂದು ಮೊಬೈಲಿನಲ್ಲಿ ಲೂಡೊ ಆಡುವ ಕೋಟ್ಯಂತರ ಜನರಲ್ಲಿ ಹೆಚ್ಚಿನವರಿಗೆ ತಾವು ಕಳೆದುಕೊಂಡದ್ದು ಏನೆಂಬುದೇ ತಿಳಿದಿಲ್ಲ.

ಹಾವು ಏಣಿ ಆಟದ ಕಥೆ ಇನ್ನೂ ನೇರವಾಗಿ ಧರ್ಮಕ್ಕೆ ಸೇರುತ್ತದೆ. ಜ್ಞಾನಚೌಪಡ, ಮೋಕ್ಷಪಟ, ಪರಮಪದ ಸೋಪಾನಪಟ ಮುಂತಾದ ಹೆಸರುಗಳಿಂದ ಜೈನರಲ್ಲಿಯೂ ವೈಷ್ಣವರಲ್ಲಿಯೂ ಪ್ರಚಲಿತವಾಗಿದ್ದ ಈ ಆಟದಲ್ಲಿ ಪ್ರತಿ ಮನೆಗೂ ಒಂದು ಗುಣದ, ದೋಷದ ಅಥವಾ ಲೋಕದ ಹೆಸರಿತ್ತು. ಸದ್ಗುಣದ ಮನೆಯಿಂದ ಏಣಿ ಏರುತ್ತಿತ್ತು, ದುರ್ಗುಣದ ಮನೆಯಿಂದ ಹಾವು ಕೆಳಕ್ಕೆ ಎಳೆಯುತ್ತಿತ್ತು, ಆಟದ ಗುರಿ ಮೋಕ್ಷವಾಗಿತ್ತು. 1892ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಅಚ್ಚಾದ ಮಣೆಗಳಲ್ಲಿ ಮೊದಮೊದಲು ಆ ಸಮಾಜದ ಗುಣದೋಷಗಳ ಚಿತ್ರಗಳಿದ್ದವು, ಎಂದರೆ ಊಹವು ಸರಿಯಾಗಿಯೇ ನಡೆದಿತ್ತು; ಕ್ರಮೇಣ ಹೆಸರುಗಳು ಅಳಿಸಿಹೋಗಿ ಅಂಕಿಗಳು ಮಾತ್ರ ಉಳಿದಾಗ ಬಿದ್ದದ್ದೇಕೆ, ಏರಿದ್ದೇಕೆ ಎಂಬ ಪ್ರಶ್ನೆಯೇ ಇಲ್ಲವಾಯಿತು. ಕರ್ಮವನ್ನು ಕಲಿಸುತ್ತಿದ್ದ ಆಟವು ಕೇವಲ ಆಕಸ್ಮಿಕವನ್ನು ತೋರಿಸುವ ಆಟವಾಯಿತು. ಇಲ್ಲಿ ಅಂಗಗಳೆಲ್ಲ ದಾಟಿಬಂದಿವೆ, ಹಾವೂ ಇದೆ, ಏಣಿಯೂ ಇದೆ, ಮನೆಗಳೂ ಇವೆ. ದಾಟದೆ ಉಳಿದದ್ದು ಉಪಕಾರ ಒಂದೇ. ಕಾಲಾಳಿನ ಉದಾಹರಣೆಯಲ್ಲಿ ಅಂಗ ಬದಲಾಗಿ ಉಪಕಾರ ಉಳಿಯಿತು, ಇಲ್ಲಿ ಅಂಗ ಉಳಿದು ಉಪಕಾರ ಹೋಯಿತು. ಕಣ್ಣಿಗೆ ಎರಡನೆಯದೇ ಹೆಚ್ಚು ನಿಷ್ಠವಾದ ಮುಂದುವರಿಕೆಯಾಗಿ ಕಾಣುವುದರಿಂದ ಅಪಾಯವೂ ಅದರಲ್ಲಿಯೇ ಹೆಚ್ಚು.

ಉಪಕಾರವನ್ನು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆಗೆ ಯಜ್ಞದಲ್ಲಿ ಉತ್ತರ ಸಿದ್ಧವಾಗಿದೆ, ವೇದವಾಕ್ಯವೇ ಪ್ರಮಾಣ. ಆಟಕ್ಕೂ ಸಮಾಜಕ್ಕೂ ಅಂಥ ಕದಲದ ವ್ಯವಸ್ಥೆ ಇಲ್ಲದಿರುವಾಗ ಏನು ಮಾಡಬೇಕೆಂಬುದಕ್ಕೆ ವಿಜ್ಞಾನೇಶ್ವರನ ಒಂದು ನಿರ್ಣಯ ದಾರಿ ತೋರಿಸುತ್ತದೆ. ತಂದೆಯ ಆಸ್ತಿಯನ್ನು ಹಂಚುವಾಗ ಹಿರಿಯ ಮಗನಿಗೆ ‘ಉದ್ಧಾರ’ವೆಂಬ ಹೆಚ್ಚಿನ ಪಾಲನ್ನು ಕೊಡಬೇಕೆಂದು ಸ್ಮೃತಿಗಳಲ್ಲಿದೆ. ವಿಜ್ಞಾನೇಶ್ವರನು ಆ ವಚನವನ್ನು ಅಳಿಸುವುದಿಲ್ಲ, ಅದು ತಪ್ಪೆಂದು ಹೇಳುವುದಿಲ್ಲ, ಅದಕ್ಕೆ ಬಲವಂತವಾದ ಬೇರೆ ಅರ್ಥವನ್ನೂ ಹಚ್ಚುವುದಿಲ್ಲ. ಶಾಸ್ತ್ರದಲ್ಲಿದ್ದರೂ ಅದು ‘ಲೋಕವಿದ್ವಿಷ್ಟ’ವಾಗಿದೆ, ಎಂದರೆ ಜನ ಅದನ್ನು ಒಪ್ಪದೆ ದ್ವೇಷಿಸುತ್ತಾರೆ, ಆದ್ದರಿಂದ ಆಚರಿಸತಕ್ಕದ್ದಲ್ಲವೆಂದು ಹೇಳಿ ಸಮಪಾಲನ್ನೇ ಎತ್ತಿಹಿಡಿಯುತ್ತಾನೆ. ಆಚರಿಸುವ ಜನರ ಮನಸ್ಸಾಕ್ಷಿಗೆ ಇಲ್ಲಿ ಪ್ರಮಾಣದ ಸ್ಥಾನ ದೊರೆಯುತ್ತದೆ, ಹಾಗಿದ್ದೂ ಗ್ರಂಥದಿಂದ ಹಳೆಯ ವಾಕ್ಯ ಕಾಣೆಯಾಗುವುದಿಲ್ಲ. ಹಳೆಯ ನಿಯಮವನ್ನು ನೆನಪಿನಲ್ಲಿ ಉಳಿಸಿ ಆಚರಣೆಯಲ್ಲಿ ಬಿಡುವ ಈ ಕ್ರಮವು ಅದನ್ನು ಮರೆತು ಬಿಡುವುದಕ್ಕಿಂತ ಬಹಳ ಮೇಲಿನದು, ಏಕೆಂದರೆ ಬಿಟ್ಟದ್ದು ಏನು, ಏಕೆ ಎಂಬುದು ಮುಂದಿನವರಿಗೆ ತಿಳಿದಿರುತ್ತದೆ ಮತ್ತು ತಪ್ಪಾಗಿ ಬಿಟ್ಟಿದ್ದರೆ ಮರಳಿ ತರಲು ದಾರಿ ತೆರೆದಿರುತ್ತದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದಂಥ ಸಂಸ್ಥೆಗಳು ಪಗಡೆ, ಚೌಕಾಬಾರಾ, ಹುಲಿಕುರಿ ಮುಂತಾದ ಮಣೆಯಾಟಗಳನ್ನು ಮತ್ತೆ ಮಾಡಿಸಿ ನಿಯಮಗಳೊಂದಿಗೆ ಜನರ ಮುಂದಿಡುತ್ತಿರುವುದು ಈ ಅರ್ಥದಲ್ಲಿ ಹಳೆಯ ವಚನಗಳನ್ನು ಕಾಪಾಡುವ ಕೆಲಸವೇ ಆಗಿದೆ.

ಮೀಮಾಂಸೆಯ ಈ ಉಪಕರಣಗಳನ್ನು ಒಪ್ಪುವವರು ಅದರ ಎಲ್ಲ ನಿರ್ಣಯಗಳನ್ನೂ ಒಪ್ಪಬೇಕಾಗಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಜೈಮಿನಿಯ ಆರನೆಯ ಅಧ್ಯಾಯವು ಅಧಿಕಾರವನ್ನು, ಎಂದರೆ ಕರ್ಮವನ್ನು ಮಾಡಲು ಯಾರು ಅರ್ಹರೆಂಬುದನ್ನು, ವಿಚಾರಿಸಿ ಶೂದ್ರರನ್ನು ಹೊರಗಿಡುತ್ತದೆ. ಹನ್ನೆರಡನೆಯ ಶತಮಾನದ ಶರಣರು ಪ್ರಶ್ನಿಸಿದ್ದು ಅಂಗಗಳ ಹೊಂದಾಣಿಕೆಯನ್ನಲ್ಲ, ಈ ಅಧಿಕಾರವನ್ನೇ.  ಗುಡಿಯಲ್ಲಿ ನೆಲೆಗೊಂಡ ಸ್ಥಾವರಲಿಂಗದ ಪೂಜೆಗೆ ಅರ್ಚಕ ಬೇಕು, ಒಳಗೆ ಹೋಗುವ ಅನುಮತಿ ಬೇಕು. ಅಂಗೈಯ ಮೇಲಿನ ಇಷ್ಟಲಿಂಗದ ಪೂಜೆಗೆ ಇವೆರಡೂ ಬೇಡವಾದವು, ಲಿಂಗವೂ ಪೂಜೆಯೂ ಪ್ರಸಾದವೂ ಉಳಿದವು, ಹೆಂಗಸರಿಗೂ ಎಲ್ಲ ಕುಲದವರಿಗೂ ದೀಕ್ಷೆ ತೆರೆಯಿತು. ಬಾಧ ಮತ್ತು ಊಹಗಳ ಭಾಷೆಯಲ್ಲಿ ಇದನ್ನು ವಿವರಿಸಬಹುದಾದರೂ ಶರಣರು ಉಪಕಾರವನ್ನು ಅಳೆದ ಕೋಲು ಮೀಮಾಂಸಕರದಲ್ಲ. ಒಂದು ಆಚರಣೆ ಯಾರನ್ನು ಹೊರಗೆ ನಿಲ್ಲಿಸುತ್ತದೆಂಬುದೂ ಅದರ ಫಲದ ಲೆಕ್ಕಕ್ಕೆ ಸೇರಬೇಕೆಂದು ಅವರು ತೋರಿಸಿದರು. ಈ ಮಾತು ಸತ್ಯ, ಮತ್ತು ಇದನ್ನು ಸೇರಿಸಿಕೊಳ್ಳದ ಯಾವ ಸಂಪ್ರದಾಯವಿಚಾರವೂ ಪೂರ್ಣವಲ್ಲ.

ಹಳೆಯದೂ ಹೊಸದೂ ಎರಡೂ ಸಮ್ಮತವಾಗಿ ಅಕ್ಕಪಕ್ಕದಲ್ಲಿ ಉಳಿದಾಗ ನಡೆಯಬೇಕಾದ ರೀತಿಯನ್ನು ಕುರಿತೂ ಮೀಮಾಂಸೆಯಲ್ಲಿ ಒಂದು ನಿರ್ಣಯವಿದೆ. ಯಾಗಕ್ಕೆ ಭತ್ತವನ್ನಾದರೂ ಬಳಸಬಹುದು, ಜವೆಯನ್ನಾದರೂ ಬಳಸಬಹುದು, ಎರಡಕ್ಕೂ ವಿಧಿಯ ಬಲ ಸಮಾನವಾಗಿದೆ. ಇದಕ್ಕೆ ‘ವಿಕಲ್ಪ’ವೆಂದು ಹೆಸರು. ಸಂಕಲ್ಪ ಮಾಡುವವರೆಗೆ ಆಯ್ಕೆಯ ಸ್ವಾತಂತ್ರ್ಯ ಪೂರ್ತಿಯಾಗಿದೆ. ಆದರೆ ಭತ್ತದಿಂದ ಆರಂಭಿಸಿದವನಿಗೆ ನಡುವೆ ಭತ್ತ ಹಾಳಾದರೆ ಅವನು ಜವೆಯತ್ತ ತಿರುಗುವಂತಿಲ್ಲ, ಭತ್ತಕ್ಕೆ ಅತಿ ಹತ್ತಿರವಾದ ನೀವಾರವೆಂಬ ಕಾಡುಭತ್ತವನ್ನು ತಂದು ಕರ್ಮವನ್ನು ಮುಗಿಸಬೇಕು; ಏಕೆಂದರೆ ಆರಂಭದಲ್ಲಿ ಒಪ್ಪಿಕೊಂಡದ್ದು ಕೊನೆಯವರೆಗೆ ಕಟ್ಟುತ್ತದೆ, ಮತ್ತು ಕೊರತೆ ಬಂದಾಗ ಹುಡುಕಬೇಕಾದದ್ದು ತಾನು ಆರಿಸಿದ್ದಕ್ಕೆ ಹೋಲುವುದನ್ನೇ ಹೊರತು ಬಿಟ್ಟದ್ದನ್ನಲ್ಲ. ಗುಡಿಯ ಕಟ್ಟೆಯ ಮೇಲೆ ಚದುರಂಗಕ್ಕೆ ಕೂರುವ ಇಬ್ಬರು ಮೊದಲ ಕಾಯನ್ನು ನಡೆಸುವ ಮುನ್ನ ಕಾಲಾಳು ಒಂದು ಮನೆಯೋ ಎರಡು ಮನೆಯೋ, ರಾಜನಿಗೆ ಕುದುರೆಯ ಜಿಗಿತವೋ ಕೋಟೆಯ ನಡೆಯೋ ಎಂದು ಮಾತನಾಡಿಕೊಂಡರೆ ಅವರು ಮಾಡುತ್ತಿರುವುದು ಇದೇ ಸಂಕಲ್ಪವನ್ನು. ದೇಶೀ ನಿಯಮವನ್ನು ಒಪ್ಪಿ ಕುಳಿತವನು ತನ್ನ ರಾಜ ಇಕ್ಕಟ್ಟಿಗೆ ಸಿಕ್ಕಾಗ ಕೋಟೆಯ ನಡೆಯನ್ನು ಕೇಳುವಂತಿಲ್ಲ, ಹೊಸ ನಿಯಮವನ್ನು ಒಪ್ಪಿ ಕುಳಿತವನು ಕುದುರೆಯ ಜಿಗಿತವನ್ನು ಕೇಳುವಂತಿಲ್ಲ, ಮುಂದಿನ ಆಟಕ್ಕೆ ಕಾಯಿ ಹೂಡುವಾಗ ಇಬ್ಬರೂ ಕೂಡಿ ಬೇರೆಯದನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ.